ಎಲ್ಲರೂ ಓದಬಹುದಾದ ಪಾಸ್‌ವರ್ಡ್ ಫೈಲ್

ಲಿನಕ್ಸ್ ಇರುವ ಯಾವುದೇ ಕಂಪ್ಯೂಟರಿನಲ್ಲಿ ‘/ಇಟಿಸಿ/ಪಾಸ್‌ವರ್ಡ್’ ಫೈಲ್ ತೆರೆದರೆ ಅಲ್ಲಿನ ಬಳಕೆದಾರರ ಪಟ್ಟಿ ಕಣ್ಣಿಗೆ ಬೀಳುತ್ತದೆ. ಡೇಟಾಬೇಸ್ ಏನಿಲ್ಲ, ಬರೀ ಅಕ್ಷರಗಳು. ಒಬ್ಬರಿಗೆ ಒಂದು ಸಾಲು, ಸಾಲಿಗೆ ಏಳು ವಿವರ, ನಡುವೆ ಕೋಲನ್. ಮೊದಲ ಸಾಲು ಸಾಮಾನ್ಯವಾಗಿ ‘ರೂಟ್’ ಎಂಬ ಯಜಮಾನನದು. ಅವನ ಸಂಖ್ಯೆ 0. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಮ್ಸನ್, ಡೆನ್ನಿಸ್ ರಿಚಿ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಕಟ್ಟಿದ ಕಾಲದ ಪದ್ಧತಿಯಿದು.

ಹುಡುಕುವುದೂ ಅಷ್ಟೇ ಸರಳ: ಮೇಲಿನಿಂದ ಒಂದೊಂದೇ ಸಾಲು ಓದುತ್ತ ಬರುವುದು. ಥಾಮ್ಸನ್ ಬರೆದ ‘ಗ್ರೆಪ್’ ಎಂಬ ಹುಡುಕುವ ಆಜ್ಞೆ ಮಾಡುವುದೂ ಇದನ್ನೇ. ಆದರೆ ಬರೀ ‘ರವಿ’ ಎಂದು ಹುಡುಕಿದರೆ ರವಿಕಿರಣನೂ ಬಂದು ನಿಲ್ಲುತ್ತಾನೆ. ಅದಕ್ಕೇ ಬಲ್ಲವರು ‘^ರವಿ:’ ಎಂದು ಕೊಡುತ್ತಾರೆ. ಟೋಪಿಯಂಥ ಆ ಗುರುತು ಸಾಲಿನ ಆರಂಭವನ್ನು ಹೇಳುತ್ತದೆ, ಕೋಲನ್ ಹೆಸರು ಮುಗಿಯಿತೆಂದು ತಿಳಿಸುತ್ತದೆ.

ಐವತ್ತು ಜನರಿದ್ದರೆ ಇದು ಸಾಕು. ಸಾವಿರಾರು ಖಾತೆಗಳಾದಾಗ ಪ್ರತಿ ಸಲ ಮೊದಲಿನಿಂದ ಓದುವುದು ದುಬಾರಿ. ಬರ್ಕ್ಲಿ ವಿಶ್ವವಿದ್ಯಾಲಯದವರು ‘ಬಿಎಸ್‌ಡಿ’ ಎಂಬ ತಮ್ಮ ಯುನಿಕ್ಸ್‌ನ 1986ರ 4.3 ಆವೃತ್ತಿಯಲ್ಲಿ ಪಠ್ಯ ಫೈಲನ್ನು ಹಾಗೇ ಉಳಿಸಿಕೊಂಡು, ಹೆಸರು ಕೊಟ್ಟರೆ ನೇರ ವಿವರಕ್ಕೇ ಹೋಗುವ ಸೂಚಿಯನ್ನು ಪಕ್ಕದಲ್ಲಿ ಸೇರಿಸಿದರು. ಜಾಣ ರಾಜಿ.

ತಿದ್ದುವಾಗಲೂ ಎಚ್ಚರ ಬೇಕು. ಇಬ್ಬರು ಒಟ್ಟಿಗೆ ತೆರೆದು ಉಳಿಸಿದರೆ ಒಬ್ಬರ ಬದಲಾವಣೆ ಮಾಯ. ‘ವಿಐಪಿಡಬ್ಲ್ಯು’ ಎಂಬ ಆಜ್ಞೆ ಮೊದಲು ಫೈಲಿಗೆ ಬೀಗ ಹಾಕುವುದು ಇದಕ್ಕೇ.

ದೊಡ್ಡ ತಲೆನೋವು ಬೇರೆಯದೇ. ಫೈಲುಗಳ ಒಡೆಯ ಯಾರೆಂದು ಯಂತ್ರ ಬರೆದಿಡುವುದು ಸಂಖ್ಯೆಯಲ್ಲಿ. ಅದನ್ನು ಹೆಸರಾಗಿ ತೋರಿಸಲು ಫೈಲುಗಳ ಹೆಸರು ತೋರಿಸುವ ‘ಎಲ್‌ಎಸ್’ನಂಥ ಸಾಮಾನ್ಯ ಪ್ರೋಗ್ರಾಮೂ ಈ ಬಳಕೆದಾರರ ಪಟ್ಟಿ ಓದಲೇಬೇಕು. ಹಾಗಾಗಿ ಎಲ್ಲರಿಗೂ ತೆರೆದಿಟ್ಟಿದ್ದ ಪಟ್ಟಿಯಲ್ಲೇ, ಗೂಢಲಿಪಿಯಲ್ಲಾದರೂ, ಪಾಸ್‌ವರ್ಡ್‌ಗಳೂ ಇದ್ದವು! ರಾಬರ್ಟ್ ಮಾರಿಸ್ ಮತ್ತು ಥಾಮ್ಸನ್ 1979ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಲೆಕ್ಕವಿದೆ: ಅವರು ಕಲೆಹಾಕಿದ 3,289 ಪಾಸ್‌ವರ್ಡ್‌ಗಳಲ್ಲಿ 2,831 ತೀರಾ ಚಿಕ್ಕವು ಇಲ್ಲವೇ ಸುಲಭವಾಗಿ ಊಹಿಸಬಹುದಾದವು. ಹದಿನೈದು ಮಂದಿ ಒಂದೇ ಅಕ್ಷರದಲ್ಲಿ ಕೆಲಸ ಮುಗಿಸಿದ್ದರು. ಮುಂದೆ ಗೂಢಲಿಪಿಯ ಭಾಗವನ್ನು ರೂಟ್‌ಗೆ ಮಾತ್ರ ಕಾಣುವ ‘ಶ್ಯಾಡೋ’ ಫೈಲಿಗೆ ಸಾಗಿಸಲಾಯಿತು. ಮೂಲ ಫೈಲಿನ ಆ ಜಾಗದಲ್ಲಿ ಈಗ ಕೂತಿರುವುದು ಒಂದು ‘ಎಕ್ಸ್’.

ಸಾಗಿಸುವ ಮುಂಚಿನ ಪ್ರತಿಗಳು ಮಾತ್ರ ಅಲ್ಲಲ್ಲಿ ಉಳಿದುಕೊಂಡವು. ಹಳೆಯ ಬಿಎಸ್‌ಡಿ ಸಂಗ್ರಹದಲ್ಲಿ ಸಿಕ್ಕ ಅಂಥದೊಂದು ಫೈಲಿನಿಂದ 2019ರಲ್ಲಿ ಉತ್ಸಾಹಿಗಳು ಖುದ್ದು ಥಾಮ್ಸನ್‌ರ ಪಾಸ್‌ವರ್ಡನ್ನೇ ಬಿಡಿಸಿದರು. ಅದು ‘ಪಿ/ಕ್ಯೂ2-ಕ್ಯೂ4!’, ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುವ ಚದುರಂಗದ ನಡೆ.