ದಿನವೂ ಓಡುವ ಸ್ಪೋರ್ಟ್ಸ್ ಕಾರು ಯಾವುದು?

ನಮ್ಮಲ್ಲಿ ಕಲಿತು ಈಗ ದುಬಾಯಿಯಲ್ಲಿ ಉದ್ಯೋಗದಲ್ಲಿರುವ ಹುಡುಗನೊಬ್ಬ ಕಳೆದ ಮಳೆಗಾಲದ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದ. ಮನೆಯ ಸಾಲ ತೀರಿಸಿದ್ದಾನೆ, ತಂಗಿಯ ಮದುವೆ ಮುಗಿಸಿದ್ದಾನೆ. ಚಹಾ ಕುಡಿಯುತ್ತ, "ಮಾಷ್ಟ್ರೇ, ಇನ್ನು ನನಗೇಂತ ಒಂದು ಆಸೆ ಉಂಟು. ಒಂದು ಸ್ಪೋರ್ಟ್ಸ್ ಕಾರು. ಹಳೆಯದಾದರೂ ಸಾಕು" ಎಂದ. ಎರಡು ಕಾರು ಇಡುವ ತಾಕತ್ತು ಅವನಿಗಿಲ್ಲ. ಆ ಒಂದರಲ್ಲೇ ದಿನವೂ ಕೆಲಸಕ್ಕೆ ಹೋಗಬೇಕು, ಅದೇ ಹತ್ತು ವರ್ಷ ಬಾಳಬೇಕು. ಅವನ ತಂದೆಯ ಪ್ರಕಾರ ಇದು ಹಣಕ್ಕೆ ಬೆಂಕಿ ಇಡುವ ಕೆಲಸ. "ನೀವೂ ಬೇಡ ಅಂದರೆ ಬಿಡುತ್ತೇನೆ" ಎಂದು ನಮ್ಮ ಮುಖ ನೋಡಿದ.

ನಮಗೆ ಸ್ವಂತ ಕಾರಿಲ್ಲ. ಶಾಲೆಗೆ ಹೋಗಿಬರುವುದು ಬಸ್ಸಿನಲ್ಲಿ. ಆದರೂ ಕೇಳಿಕೊಂಡು ಬಂದ ವಿದ್ಯಾರ್ಥಿಯನ್ನು ಬರಿಗೈಯಲ್ಲಿ ಕಳುಹಿಸುವುದು ಮಾಷ್ಟ್ರುಗಳ ಸ್ವಭಾವಕ್ಕೆ ಒಗ್ಗದು. ಒಂದಷ್ಟು ಓದಿದೆವು, ಬಲ್ಲವರನ್ನು ಕೇಳಿದೆವು. ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಸ್ಪೋರ್ಟ್ಸ್ ಕಾರೆಂದರೆ ವೇಗ ಎಂದೇ ನಾವೂ ತಿಳಿದಿದ್ದೆವು. ದಿನನಿತ್ಯ ಬಳಸುವವನು ಮೊದಲು ಕೇಳಬೇಕಾದ್ದು ವೇಗವನ್ನಲ್ಲ, ರಿಪೇರಿಯನ್ನು. ಇಟಲಿಯ ಫೆರಾರಿ ಎಫ್355 ಎಂಬ ಕಾರು 1994ರಲ್ಲಿ ಬಂತು. ನೋಡಲು ಬಹಳ ಚೆಂದ. ಆದರೆ ಅದರ ಟೈಮಿಂಗ್ ಬೆಲ್ಟ್ ಬದಲಿಸಬೇಕಾದರೆ ಇಡೀ ಎಂಜಿನನ್ನೇ ಕೆಳಗಿಳಿಸಬೇಕು! ಕೆಲವು ವರ್ಷಗಳಿಗೊಮ್ಮೆ ಮಾಡಲೇಬೇಕಾದ ಕೆಲಸ ಅದು. ಸಂಬಳದಲ್ಲಿ ಬದುಕುವವನು ಇಂಥದ್ದನ್ನು ದೂರದಿಂದ ನೋಡಿ ಕೈಮುಗಿಯುವುದೇ ಲೇಸು.

ಹುಡುಗನ ಮನಸ್ಸು ನಿಜವಾಗಿ ಇದ್ದುದು ಜರ್ಮನಿಯ ಪೋರ್ಶ್ 911ರ ಮೇಲೆ. ಇದು ಹಾಗೆ ತಳ್ಳಿಬಿಡುವ ಕಾರಲ್ಲ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡು, 2017ರಲ್ಲಿ ಹತ್ತು ಲಕ್ಷದ ಸಂಖ್ಯೆ ಮುಟ್ಟಿತು. ಎಂಜಿನು ಹಿಂಬದಿಗೆ, ಮಕ್ಕಳು ಕೂರುವಷ್ಟು ಹಿಂದಿನ ಸೀಟೂ ಉಂಟು. ಆದರೆ ಅವನ ಹಣಕ್ಕೆ ಸಿಗುವುದು 1990ರ ದಶಕದ ಕೊನೆಯಿಂದೀಚಿನವು. ಆ ಕಾಲದ ಅನೇಕ ಎಂಜಿನುಗಳಲ್ಲಿ ಒಳಗಿನ ಮಧ್ಯಂತರ ದಂಡದ ಬೇರಿಂಗ್ ಸೋತು, ಎಂಜಿನೇ ಹಾಳಾದ ಪ್ರಕರಣಗಳಿವೆ. ಎಲ್ಲ ಕಾರಿಗೂ ಹಾಗಾಗುವುದಿಲ್ಲ, ಸರಿ. ಆದರೆ ಆದ ದಿನ ತಂದೆಯ ಮಾತು ನಿಜವಾಗಿಬಿಡುತ್ತದೆ.

ಹೀಗೆ ಹುಡುಕುತ್ತ ಹೋದಾಗ ನಮಗೆ ಸಿಕ್ಕಿದ್ದು ಜಪಾನಿನ ಹಿರೋಶಿಮಾದ ಮಜ್ದಾ ಕಂಪೆನಿಯ ಎಂಎಕ್ಸ್-5. ಅಮೆರಿಕದಲ್ಲಿ ಮಿಯಾಟಾ ಎಂದು ಕರೆಯುವುದೂ ಇದನ್ನೇ. ಎರಡೇ ಸೀಟು, ಕೈಯಿಂದ ಮಡಚುವ ಬಟ್ಟೆಯ ಮಾಡು. ಇಂಥ ತೆರೆದ ಸಣ್ಣ ಕಾರುಗಳು ಮೊದಲು ಇಂಗ್ಲೆಂಡಿನವರ ಕಸುಬು. ಅಲ್ಲಿನ ಎಂಜಿಬಿ ಕಾರು 1980ರಲ್ಲಿ ನಿಂತುಹೋಯಿತು. ಅದಕ್ಕೂ ಹಿಂದಿನ ವರ್ಷವೇ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತರು ಮಜ್ದಾದ ಕೆನಿಚಿ ಯಾಮಾಮೊಟೊ ಅವರಲ್ಲಿ, ಅಂಥದ್ದೊಂದನ್ನು ನೀವೇ ಏಕೆ ಮಾಡಬಾರದು ಎಂದು ಕೇಳಿದ್ದರಂತೆ. (ಪತ್ರಿಕೆಯವರ ಮಾತು ಕೇಳುವ ಕಂಪೆನಿಗಳೂ ಇವೆ ನೋಡಿ!) 1989ರ ಫೆಬ್ರವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಕಾರು ಹೊರಬಂತು. 2016ರಲ್ಲಿ ಹತ್ತು ಲಕ್ಷ ತುಂಬಿತು.

ಮೊದಲ ಕಾರಿನ ಎಂಜಿನು 1.6 ಲೀಟರಿನದು, ಸುಮಾರು 115 ಅಶ್ವಶಕ್ತಿ. ಇದೇನು ಮಹಾ ಶಕ್ತಿಯಲ್ಲ. ಗುಟ್ಟು ಇರುವುದು ತೂಕದಲ್ಲಿ. ಇಡೀ ಕಾರು ಒಂದು ಟನ್ನಿಗಿಂತ ಕಡಿಮೆ. ಹಗುರವಾದ್ದರಿಂದ ಸಣ್ಣ ಚಕ್ರ ಸಾಕು, ಟೈರಿಗೂ ಬ್ರೇಕಿಗೂ ಖರ್ಚು ಕಡಿಮೆ, ಪೆಟ್ರೋಲು ಮಿತ. ನಿಧಾನವಾಗಿ ಹೋದರೂ ತಿರುವಿನಲ್ಲಿ ಸೊಗಸು. ಸವಾರನೂ ಕುದುರೆಯೂ ಒಂದಾದ ಹಾಗೆ ಎಂದು ಜಪಾನಿನವರು ಇದಕ್ಕೊಂದು ಮಾತು ಹೇಳುತ್ತಾರೆ. ಆ 1.6 ಎಂಜಿನಿನಲ್ಲಿ ಟೈಮಿಂಗ್ ಬೆಲ್ಟ್ ತುಂಡಾದರೂ ಪಿಸ್ಟನ್ನು ವಾಲ್ವುಗಳಿಗೆ ಬಡಿಯುವುದಿಲ್ಲ. ಕಾರು ನಿಲ್ಲುತ್ತದೆ, ಅಷ್ಟೆ. ಮೇಲಾಗಿ, ಹಳೆಯ ಮೊದಲ ತಲೆಮಾರಿನ ಕಾರುಗಳನ್ನು ದುರಸ್ತಿ ಮಾಡಿಕೊಡುವ ವ್ಯವಸ್ಥೆಯನ್ನೂ, ನಿಂತುಹೋದ ಬಿಡಿಭಾಗಗಳನ್ನು ಮತ್ತೆ ತಯಾರಿಸುವುದನ್ನೂ ಕಂಪೆನಿ 2017ರಲ್ಲಿ ಜಪಾನಿನಲ್ಲಿ ಪ್ರಕಟಿಸಿತು. ಬಾಳಿಕೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ಕಾಣಲಿಲ್ಲ.

ಹಾಗೆಂದು ಕಣ್ಣುಮುಚ್ಚಿ ಕೊಳ್ಳುವಂತಿಲ್ಲ. ಬಹಳ ಆರಂಭದ, 1989ರಿಂದ 1991ರ ವರೆಗಿನ ಎಂಜಿನುಗಳಲ್ಲಿ ಕ್ರ್ಯಾಂಕ್ ದಂಡದ ಮುಂದಿನ ತುದಿ ಗಿಡ್ಡ. ಅದರ ಪುಲ್ಲಿ ಅಲುಗಾಡಿ ತೊಂದರೆ ಕೊಟ್ಟದ್ದುಂಟು. ಆಮೇಲೆ ಉದ್ದ ಮಾಡಿದರು. ರೇಡಿಯೇಟರಿನ ಮೇಲಿನ ಟ್ಯಾಂಕಿ ಪ್ಲಾಸ್ಟಿಕಿನದು. ಕಪ್ಪಗಿದ್ದದ್ದು ಕಂದು ಬಣ್ಣಕ್ಕೆ ತಿರುಗಿದರೆ ಒಡೆಯುವ ಕಾಲ ಬಂತೆಂದೇ ಲೆಕ್ಕ. ಮರುಭೂಮಿಯ ಬಿಸಿಲಿನಲ್ಲಿ ಇದನ್ನು ಮೊದಲು ನೋಡಬೇಕು. ಹಿಂದಿನ ಕಿಟಕಿಯೂ ಮೊದಲ ತಲೆಮಾರಿನಲ್ಲಿ ಪ್ಲಾಸ್ಟಿಕ್, 1998ರಿಂದ ಬಂದ ಎರಡನೆಯದರಲ್ಲಿ ಗಾಜು.

ಎಲ್ಲಕ್ಕಿಂತ ನಮಗೆ ಅರ್ಥವಾದದ್ದು ತುಕ್ಕಿನ ಕಥೆ. ಬಟ್ಟೆಯ ಮಾಡಿನ ನೀರು ಹರಿದುಹೋಗಲು ಸೀಟಿನ ಹಿಂದೆ ಎರಡು ತೂತುಗಳಿವೆ. ತರಗೆಲೆ, ಕಸ ಸೇರಿ ಅವು ಕಟ್ಟಿದರೆ ನೀರು ಒಳಗೆ ನಿಂತು, ಬಾಗಿಲಡಿಯ ತಗಡು ಒಳಗಿನಿಂದಲೇ ತಿನ್ನಿಸಿಕೊಳ್ಳುತ್ತದೆ. ಆಟಿ ತಿಂಗಳಲ್ಲಿ ಏಣಿ ಇಟ್ಟು ದಂಬೆಯ ಕಸ ತೆಗೆಯುವ ನಮ್ಮೂರಿನವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದುಬಾಯಿಯಲ್ಲಿ ಮಳೆ ಅಪರೂಪ, ನಿಜ. ಆದರೆ ಬೇರೆ ದೇಶದಿಂದ ತಂದು ಮಾರುವ ಹಳೆಯ ಕಾರು ಎಲ್ಲೆಲ್ಲಿ ನೆನೆದಿದೆಯೋ!

ಇನ್ನೊಂದು ಮಾತು. ಈ ಕಾರಿಗೆ ಹಿಂದಿನ ಸೀಟಿಲ್ಲ, ಡಿಕ್ಕಿಯಲ್ಲಿ ಹಿಡಿಯುವುದು ಒಂದೆರಡು ಸಣ್ಣ ಚೀಲ. ನಾಳೆ ಮದುವೆಯಾಗಿ ಮಗುವೂ ಆದರೆ ಏನು ಮಾಡುವಿ ಎಂದು ಕೇಳಿದೆವು. "ಆಗ ಆಗಲಿ ಮಾಷ್ಟ್ರೇ" ಎಂದು ನಕ್ಕ.

ಮೊನ್ನೆ ಅವನ ಪತ್ರ ಬಂತು. ಮೂರು ಕಾರು ನೋಡಿದನಂತೆ. ಒಂದರ ರೇಡಿಯೇಟರ್ ಟ್ಯಾಂಕಿ ಕಂದಿತ್ತು. ಇನ್ನೊಂದರ ತೂತಿಗೆ ಚೊಂಬು ನೀರು ಹೊಯ್ದರೆ ಹನಿಯೂ ಕೆಳಗಿಳಿಯಲಿಲ್ಲ. ಮೂರನೆಯದರ ಯಜಮಾನ ಬೆಲ್ಟ್ ಬದಲಿಸಿದ ಚೀಟಿಯಿಂದ ಹಿಡಿದು ಪ್ರತಿಯೊಂದು ರಶೀದಿಯನ್ನೂ ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿದ್ದಾನೆ. ಆದರೆ ಬೆಲೆಯಲ್ಲಿ ಒಂದು ದಿರ್ಹಮೂ ಇಳಿಸಲು ಒಪ್ಪುತ್ತಿಲ್ಲ. ಏನು ಮಾಡಲಿ ಎಂದು ಕೇಳಿದ್ದ.

ಕೇಳಿದಷ್ಟು ಕೊಟ್ಟುಬಿಡು ಮಾರಾಯ, ತಂದೆಯವರಿಗೆ ನಾವು ಹೇಳುತ್ತೇವೆ ಎಂದು ಬರೆದೆವು.