ಒಂದೆಲಗಕ್ಕೆ ಲೆಕ್ಕ ಕೇಳಿದ ಕಾಶಿಯ ಪತ್ರಿಕೆ

ವಾರಾಣಸಿ: ಕಾಶಿಗೆ ಹೋಗುವ ಕನ್ನಡಿಗರು ಗಂಗಾಸ್ನಾನ, ವಿಶ್ವನಾಥನ ದರ್ಶನ, ಜಂಗಮವಾಡಿ ಮಠ ಎಂದು ಮುಗಿಸಿ ರೈಲು ಹತ್ತುತ್ತಾರೆ. ಅಲ್ಲಿನ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ನಮ್ಮ ಕರಾವಳಿ ಮೂಲದ ಡಾ. ಕಟೀಲು ನರಸಿಂಹ ಉಡುಪರು ಮಾಡಿದ ಕೆಲಸ ಎಷ್ಟು ಮಂದಿಗೆ ಗೊತ್ತು?

ಅಲ್ಲಿಯೇ ಆಯುರ್ವೇದ ಓದಿ, ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆ ಕಲಿತ ಉಡುಪರು 1971ರಲ್ಲಿ ವಿ.ವಿ.ಯ ವೈದ್ಯವಿಜ್ಞಾನ ಸಂಸ್ಥೆಯ ಪ್ರಥಮ ನಿರ್ದೇಶಕರಾದರು. ದೇಶೀ ವೈದ್ಯದ ಕುರಿತು 1959ರಲ್ಲಿ ಕೇಂದ್ರ ಸರಕಾರಕ್ಕೆ ವರದಿ ಕೊಟ್ಟ ಸಮಿತಿಯೂ ಅವರ ಹೆಸರಿನದೇ. 1966ರಲ್ಲಿ ಅವರ ಮುತುವರ್ಜಿಯಿಂದ ಹೊರಬಂದದ್ದು 'ಜರ್ನಲ್ ಆಫ್ ರಿಸರ್ಚ್ ಇನ್ ಇಂಡಿಯನ್ ಮೆಡಿಸಿನ್'.

ಒಂದೆಲಗದ ತಂಬುಳಿ ತಿಂದರೆ ಬುದ್ಧಿ ಚುರುಕಾಗುತ್ತದೆ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಸಂಶೋಧನಾ ಪತ್ರಿಕೆಗೆ ಅಷ್ಟು ಸಾಲದು. ಎಷ್ಟು ಮಂದಿಗೆ, ಎಷ್ಟು ದಿನ, ಕೊಡದವರಲ್ಲಿ ಏನಾಯಿತು ಎಂಬ ಲೆಕ್ಕ ಬೇಕು. ತಾಳೆಯಾಗದ ಲೆಡ್ಜರಿಗೆ ಸಹಿ ಬೀಳುವುದಿಲ್ಲವಷ್ಟೆ! 1973ರಲ್ಲಿ ಅಪ್ಪಾರಾವ್ ಮತ್ತು ಸಂಗಡಿಗರು ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಒಂದೆಲಗ ಕೊಟ್ಟು ನೋಡಿದ ಫಲಿತಾಂಶ ಇದೇ ಪತ್ರಿಕೆಯಲ್ಲಿ ಅಚ್ಚಾಯಿತು. ಮಕ್ಕಳಲ್ಲಿ ಸುಧಾರಣೆ ಕಂಡಿತೆಂದು ಅವರು ಬರೆದರು. ಮಕ್ಕಳ ಸಂಖ್ಯೆ ಚಿಕ್ಕದು, ಅದರಿಂದ ಎಲ್ಲ ಸಿದ್ಧವಾಯಿತೆನ್ನಲಾಗದು. ಆದರೂ ಮೆದುಳು, ನೆನಪಿನ ಶಕ್ತಿಯ ಕುರಿತ ಲೇಖನಗಳು ಇಂದಿಗೂ ಆ ಎಂಟೇ ಪುಟಗಳನ್ನು ಉಲ್ಲೇಖಿಸುತ್ತವೆ.

1978ರಲ್ಲಿ ಕೇಂದ್ರದ ಸಂಶೋಧನಾ ಮಂಡಳಿ ಪಾಲಾಯಿತು. 1980ರಲ್ಲಿ ಆಯುರ್ವೇದ, ಸಿದ್ಧ ವೈದ್ಯಕ್ಕೆಂದೇ ಹೊಸ ಪತ್ರಿಕೆ ಆರಂಭವಾಯಿತು. ಅದರ ಮೊದಲ ಸಂಪುಟದಲ್ಲೇ ಮನಸ್ಸಿನ ಆತಂಕಕ್ಕೆ ಬ್ರಾಹ್ಮಿ ಕೊಟ್ಟು ನೋಡಿದ ಅಧ್ಯಯನ ಬಂತು. ಬರೆದವರಲ್ಲಿ ಒಬ್ಬರು ಉಡುಪರೊಂದಿಗೆ ಕಾಶಿಯಲ್ಲಿ ದುಡಿದ ಪ್ರೊ. ಆರ್.ಎಚ್. ಸಿಂಗ್.