ಗಾಜಿನ ಕಡಲಿಗೊಂದು ಹಸಿರು ತೋಟ

ನಿಮ್ಮ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆಯೇ? ಅಥವಾ ಇಡುವ ಆಸೆಯೇ? ಹಾಗಾದರೆ ಈ ಸಲ ಪಾಚಿ ಬೆಳೆಸುವ ವಿಷಯ ಮಾತಾಡೋಣ. ಪಾಚಿ ಎಂದಕೂಡಲೇ ಮೂಗು ಮುರಿಯಬೇಡಿ! ಗಾಜಿಗೆ ಅಂಟುವ ಜಾರು ಪಾಚಿಯಲ್ಲ ಇದು. ಗಿಡದಂತೆ ಕಾಣುವ, ಕೈಯಲ್ಲಿ ಹಿಡಿದು ಎತ್ತಬಹುದಾದ ಕಡಲ ಪಾಚಿ. ಅಕ್ವೇರಿಯಂ ಅಂಗಡಿಗಳಲ್ಲಿ ಇದಕ್ಕೆ ಮ್ಯಾಕ್ರೋ ಆಲ್ಗೆ ಎನ್ನುತ್ತಾರೆ.

ಇದರಿಂದ ಏನು ಲಾಭ? ಮೀನಿನ ಹೊಲಸು ಮತ್ತು ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ನೈಟ್ರೇಟ್, ಜೊತೆಗೆ ಫಾಸ್ಫೇಟ್, ನೀರಿನಲ್ಲಿ ಸೇರುತ್ತಲೇ ಹೋಗುತ್ತವೆ. ಮೀನಿಗೆ ಕಸವಾದ ಇವೇ ಪಾಚಿಗೆ ಗೊಬ್ಬರ. ನೀವು ಬೆಳೆಸಿದ ಪಾಚಿ ಗೊಬ್ಬರ ತಿಂದಷ್ಟೂ ಗಾಜಿನ ಮೇಲಿನ ಜಾರು ಪಾಚಿಗೆ ಊಟ ಕಡಿಮೆ.

ಶುರು ಮಾಡುವುದು ಕಷ್ಟವಲ್ಲ. ಮುಖ್ಯ ತೊಟ್ಟಿಗೆ ಪಂಪಿನ ಮೂಲಕ ಜೋಡಿಸಿದ ಚಿಕ್ಕ ತೊಟ್ಟಿ ಇರಲಿ. ಇಲ್ಲದಿದ್ದರೆ ಕೆಲವು ಮೀನುಗಳು ಪಾಚಿಯನ್ನೇ ತಿಂದು ಮುಗಿಸುತ್ತವೆ. ಶುದ್ಧೀಕರಿಸಿದ ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು ಬೆರೆಸಿ. ಅಡುಗೆ ಉಪ್ಪು ಬೇಡ, ಅದರಲ್ಲಿ ಸಮುದ್ರದ ಮೆಗ್ನೀಸಿಯಂ, ಕ್ಯಾಲ್ಸಿಯಂ ಇರುವುದಿಲ್ಲ. ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಪಾಚಿಯ ಎಲ್‌ಇಡಿ ದೀಪವನ್ನು ರಾತ್ರಿ ಹೊತ್ತು ಉರಿಸಿ. ಮುಖ್ಯ ತೊಟ್ಟಿ ಕತ್ತಲಲ್ಲಿದ್ದಾಗ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಪಿಎಚ್ ಇಳಿಯುತ್ತದೆ. ಬೆಳಕಿನಲ್ಲಿರುವ ಪಾಚಿ ಅದನ್ನು ಹೀರಿ ಇಳಿತವನ್ನು ತಡೆಯುತ್ತದೆ.

ಯಾವ ಪಾಚಿ? ಹೊಸಬರಿಗೆ ಕೀಟೊಮಾರ್ಫಾ ಒಳ್ಳೆಯದು. ಪಾತ್ರೆ ತಿಕ್ಕುವ ಹಸಿರು ನಾರಿನ ಉಂಡೆಯಂತಿರುತ್ತದೆ, ಬೇರೂರುವುದಿಲ್ಲ. ಕಾಲರ್ಪಾ ನೋಡಲು ಇನ್ನೂ ಚೆಂದ, ಆದರೆ ಎಚ್ಚರ ಬೇಕು. ಸಂತಾನೋತ್ಪತ್ತಿಯ ಸಮಯಕ್ಕೆ ಅದು ಒಂದೇ ರಾತ್ರಿಯಲ್ಲಿ ಬಿಳಿಚಿ, ಒಳಗಿದ್ದುದನ್ನೆಲ್ಲ ನೀರಿಗೆ ಬಿಟ್ಟು ಸಾಯಬಹುದು.

ಈಗ ಮುಖ್ಯ ಮಾತು. ಪಾಚಿ ಬೆಳೆದರಷ್ಟೇ ನೀರಿನ ಕಸ ಹೊರಹೋಗುವುದಿಲ್ಲ, ನೀವು ಕೊಯ್ದು ತೆಗೆದಾಗಲೇ ಹೋಗುವುದು. ಹಾಗೇ ಬಿಟ್ಟರೆ ಕೊಳೆತು, ತಿಂದದ್ದೆಲ್ಲ ಮತ್ತೆ ನೀರಿಗೇ. ಆದ್ದರಿಂದ ತೊಟ್ಟಿ ತುಂಬುತ್ತಿದ್ದಂತೆ ಒಂದು ಭಾಗ ಕೊಯ್ಯಿರಿ.

ಕೊಯ್ದದ್ದನ್ನು ಎಲ್ಲಿ ಹಾಕುವುದು? ಮುಂಬಯಿ, ಚೆನ್ನೈಗಳಲ್ಲಿ ಕಡಲು ಹತ್ತಿರವೇ ಇದೆ. ಆದರೆ ಅಲ್ಲಿಗೆ ಮಾತ್ರ ಬೇಡ, ಚರಂಡಿಗೂ ಬೇಡ. ಅಕ್ವೇರಿಯಂಗಳಲ್ಲಿ ಬೆಳೆಸುತ್ತಿದ್ದ ಕಾಲರ್ಪಾ ಟ್ಯಾಕ್ಸಿಫೋಲಿಯಾ ತಳಿ 1984ರಲ್ಲಿ ಮೊನಾಕೊ ತೀರದಲ್ಲಿ ಕಂಡಾಗ ಸುಮಾರು ಒಂದು ಚದರ ಮೀಟರ್ ಇತ್ತು. ಆಮೇಲೆ ಫ್ರಾನ್ಸ್, ಇಟಲಿ, ಸ್ಪೇನ್ ತೀರಗಳಿಗೂ ಹಬ್ಬಿತು. 2000ದಲ್ಲಿ ಅದೇ ತಳಿ ಕ್ಯಾಲಿಫೋರ್ನಿಯಾದಲ್ಲಿ ಕಂಡಾಗ ಟಾರ್ಪಾಲಿನ್ ಹೊದಿಸಿ, ಕ್ಲೋರಿನ್ ಹಾಕಿ, ಪೂರ್ತಿ ನಾಶವಾಯಿತೆಂದು ಸಾರಲು 2006 ಬರಬೇಕಾಯಿತು. ನಮ್ಮಲ್ಲೂ, ತಮಿಳುನಾಡಿನ ತೀರದಲ್ಲಿ ಕೃಷಿಗೆಂದು ತಂದ ಕಪ್ಪಾಫೈಕಸ್ ಪಾಚಿ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಹರಡಿದ್ದು 2008ರಲ್ಲಿ ವರದಿಯಾಯಿತು.

ಹಾಗಾಗಿ ಕೊಯ್ದ ಪಾಚಿಯನ್ನು ಬಾಲ್ಕನಿಯ ಬಿಸಿಲಲ್ಲಿ ಗರಿಗರಿ ಒಣಗಿಸಿ, ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ. ಸ್ನೇಹಿತರಲ್ಲಿ ತೊಟ್ಟಿ ಇದ್ದರೆ ಒಂದು ಮುಷ್ಟಿ ಕೊಡಿ, ಜೊತೆಗೆ ಈ ಎಚ್ಚರಿಕೆಯನ್ನೂ ಹೇಳಿ. ಮನೆಯ ಕಡಲು ಮನೆಯಲ್ಲೇ ಇರಲಿ. ಮತ್ತೆ ರೇಡಿಯೋದಲ್ಲಿ ಸಿಗೋಣ!